ವ್ಯಾನ್ ಆಯ್ಕೆ: ಕೊನೆಯ ಸಾಲಿನ ನಡುಸೀಟಿನಲ್ಲಿ ಕುಳಿತು ನೋಡಿದಾಗ

ವ್ಯಾನ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಹತ್ತಿ ಕೂರುವುದು ಚಾಲಕನ ಸೀಟಿಗೆ. ಸ್ಟೀರಿಂಗ್ ಹಿಡಿದು, ಕನ್ನಡಿ ಸರಿಮಾಡಿಕೊಂಡು, ಒಂದು ಸುತ್ತು ಓಡಿಸಿ ಬಂದ ಮೇಲೆ ಅರ್ಧ ತೀರ್ಮಾನ ಆಗಿಹೋಗಿರುತ್ತದೆ. ಆದರೆ ತಯಾರಕರು ಅತಿ ಹೆಚ್ಚು ಮುತುವರ್ಜಿ ವಹಿಸಿ ರೂಪಿಸುವ ಜಾಗ ಅದೇ ಆದ್ದರಿಂದ, ಅಲ್ಲಿ ಕುಳಿತು ನೋಡಿದರೆ ಹೆಚ್ಚುಕಡಿಮೆ ಎಲ್ಲ ವ್ಯಾನುಗಳೂ ಚೆನ್ನಾಗಿಯೇ ಕಾಣುತ್ತವೆ. ಎರಡು ವ್ಯಾನುಗಳ ನಡುವಿನ ಅಂತರ ಬಯಲಾಗುವುದು ಕೊನೆಯ ಸಾಲಿನ ನಡುಸೀಟಿನಲ್ಲಿ. ಅಲ್ಲಿ ಯಾವ ಬಗೆಯ ಬೆಲ್ಟ್ ಇದೆ, ತಲೆಯ ಹಿಂದೆ ಆಸರೆ ಇದೆಯೇ, ಅಲ್ಲಿ ಕುಳಿತವರು ಬೆಲ್ಟ್ ಬಿಚ್ಚಿದರೆ ಮುಂದೆ ಕುಳಿತ ಚಾಲಕನಿಗೆ ತಿಳಿಯುತ್ತದೆಯೇ ಎಂಬ ಮೂರು ಪ್ರಶ್ನೆಗಳಿಗೆ ಸಿಗುವ ಉತ್ತರವೇ ಆ ವ್ಯಾನಿನ ಸುರಕ್ಷತೆಯ ಅಳತೆ ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಸೀಟಿನಲ್ಲಿ ಕೂರುವವರು ಮನೆಯ ಮಕ್ಕಳೋ ವಯಸ್ಸಾದವರೋ ಆಗಿರುತ್ತಾರೆ, ಮತ್ತು ವ್ಯಾನ್ ಆರಿಸುವಾಗ ಅವರ ಮಾತು ಕೇಳುವವರು ಕಡಿಮೆ.

ಮೂರು ಬಗೆಯ ವ್ಯಾನುಗಳು

ಜನರನ್ನು ಕರೆದೊಯ್ಯುವ ವ್ಯಾನುಗಳನ್ನು ಮೂರು ಗುಂಪು ಮಾಡಿ ನೋಡಿದರೆ ಹೋಲಿಕೆ ಸುಲಭವಾಗುತ್ತದೆ. ಮೊದಲನೆಯದು ಪ್ರಯಾಣಿಕರಿಗಾಗಿಯೇ ಕಾರಿನಂತೆ ರೂಪಿಸಿದ, ಏಳೆಂಟು ಸೀಟಿನ ವ್ಯಾನ್. ಎರಡನೆಯದು ಸರಕು ಸಾಗಿಸುವ ವ್ಯಾನಿನ ದೇಹಕ್ಕೆ ಕಾರ್ಖಾನೆಯಲ್ಲೇ ಕಿಟಕಿ, ಸೀಟು, ಬೆಲ್ಟ್ ಕೂಡಿಸಿದ ಮಿನಿಬಸ್. ಮೂರನೆಯದು ಸರಕು ವ್ಯಾನನ್ನು ಕೊಂಡ ಮೇಲೆ ಹೊರಗಿನ ವರ್ಕ್‌ಶಾಪಿನಲ್ಲಿ ಸೀಟು ಹಾಕಿಸಿದ್ದು. ಹೊರಗಿನಿಂದ ನೋಡಿದರೆ ಎರಡನೆಯದಕ್ಕೂ ಮೂರನೆಯದಕ್ಕೂ ವ್ಯತ್ಯಾಸ ಗೊತ್ತಾಗುವುದೇ ಇಲ್ಲ, ವ್ಯತ್ಯಾಸವೆಲ್ಲ ಇರುವುದು ನೆಲದ ತಗಡಿನ ಕೆಳಗೆ.

ಬೆಲ್ಟಿನ ಪಟ್ಟಿ ಎಷ್ಟೇ ಗಟ್ಟಿಯಾಗಿದ್ದರೂ ಅದನ್ನು ವಾಹನದ ದೇಹಕ್ಕೆ ಬಿಗಿದಿರುವ ಬೋಲ್ಟು ಕಿತ್ತುಬಂದರೆ ಪ್ರಯೋಜನವಿಲ್ಲ. ಬೆಲ್ಟ್ ಬಿಗಿಯುವ ಜಾಗದ ಬಲಕ್ಕೆ ಸಂಬಂಧಿಸಿದ ವಿಶ್ವಸಂಸ್ಥೆಯ 14ನೇ ವಾಹನ ನಿಯಮದ ಪ್ರಕಾರ, ಚಾಲಕನಲ್ಲದೆ ಗರಿಷ್ಠ ಎಂಟು ಮಂದಿ ಕೂರುವ ವಾಹನಗಳಲ್ಲಿ ಮೂರು ಬಿಂದುವಿನ ಬೆಲ್ಟಿನ ಎದೆಯ ಭಾಗವನ್ನೂ ಸೊಂಟದ ಭಾಗವನ್ನೂ ತಲಾ 13,500 ನ್ಯೂಟನ್ ಬಲದಿಂದ ಎಳೆದು ಪರೀಕ್ಷಿಸುತ್ತಾರೆ. ಅಂದರೆ ಒಂದೊಂದು ಭಾಗದ ಮೇಲೂ ಸುಮಾರು 1,375 ಕಿಲೋ ತೂಕ ಜೋತುಬಿದ್ದಂತೆ. ಎಂಟಕ್ಕಿಂತ ಹೆಚ್ಚು ಪ್ರಯಾಣಿಕ ಸೀಟುಗಳಿದ್ದು ಒಟ್ಟು ತೂಕ 5 ಟನ್ ದಾಟದ ಮಿನಿಬಸ್ಸುಗಳಿಗೆ ಇದೇ ಪರೀಕ್ಷೆಯ ಬಲ 6,750 ನ್ಯೂಟನ್, ಅಂದರೆ ಸರಿಯಾಗಿ ಅರ್ಧ. ದೊಡ್ಡ ವಾಹನ ಡಿಕ್ಕಿಯಾದಾಗ ನಿಧಾನವಾಗಿ ವೇಗ ಕಳೆದುಕೊಳ್ಳುತ್ತದೆ ಎಂಬ ಲೆಕ್ಕಾಚಾರ ಇದರ ಹಿಂದಿದೆ. ಆದರೂ ಎಂಟು ಮಂದಿಗೆ ಸಾಕಾಗುವ ಕುಟುಂಬ ಹನ್ನೆರಡು ಸೀಟಿನ ವಾಹನದತ್ತ ಕಣ್ಣು ಹಾಯಿಸುವ ಮುನ್ನ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಹೊರಗೆ ಸೀಟು ಹಾಕಿಸಿದ ವ್ಯಾನಿನ ವಿಷಯದಲ್ಲಿ, ಈ ಪರೀಕ್ಷೆ ಆಗಿದೆ ಎಂಬ ದಾಖಲೆ ಕೈಗೆ ಸಿಗದಿದ್ದರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ಸರಕು ವ್ಯಾನಿನ ನೆಲ ಪೆಟ್ಟಿಗೆಗಳ ಭಾರ ಹೊರಲು ಮಾಡಿದ ತೆಳುವಾದ ತಗಡು. ಅದಕ್ಕೆ ತೂತು ಕೊರೆದು, ಕೆಳಗೊಂದು ಸಣ್ಣ ವಾಷರ್ ಕೊಟ್ಟು ಬಿಗಿದ ಸೀಟು ದಿನನಿತ್ಯದ ಓಡಾಟದಲ್ಲಿ ಅಲುಗಾಡದೆ ನಿಲ್ಲುತ್ತದೆ, ಆದರೆ ಡಿಕ್ಕಿಯ ಎಳೆತಕ್ಕೆ ವಾಷರಿನ ಸಮೇತ ಮೇಲೆದ್ದು ಬರಬಹುದು. ವಾಹನವನ್ನು ಲಿಫ್ಟಿಗೆ ಏರಿಸಿ ಕೆಳಗಿನಿಂದ ನೋಡಿದರೆ ಬೋಲ್ಟುಗಳ ಸುತ್ತ ಅಗಲವಾದ ದಪ್ಪ ಪ್ಲೇಟ್ ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ.

ಸುರಕ್ಷತಾ ರೇಟಿಂಗುಗಳನ್ನು ಹೋಲಿಸುವಾಗಲೂ ಇದೇ ಎಚ್ಚರ ಬೇಕು. ಯುರೋಪಿನಲ್ಲಿ ವಾಹನಗಳ ಸುರಕ್ಷತೆಯನ್ನು ಪರೀಕ್ಷಿಸುವ ಯುರೋ ಎನ್‌ಕ್ಯಾಪ್ ಸಂಸ್ಥೆ 2020ರ ಡಿಸೆಂಬರಿನಲ್ಲಿ ಸರಕು ವ್ಯಾನುಗಳ ರೇಟಿಂಗನ್ನು ಮೊದಲ ಬಾರಿಗೆ ಪ್ರಕಟಿಸಿದಾಗ, ಅದು ಅಳೆದದ್ದು ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ, ಲೇನ್ ಬಿಟ್ಟು ಸರಿಯದಂತೆ ತಡೆಯುವ ವ್ಯವಸ್ಥೆ ಮೊದಲಾದ ಚಾಲಕ ಸಹಾಯಕ ಉಪಕರಣಗಳನ್ನು. ಕಾರುಗಳ ರೇಟಿಂಗಿನಲ್ಲಿರುವಂತೆ ಬೊಂಬೆಗಳನ್ನು ಕೂರಿಸಿ ಗುದ್ದಿಸಿ ನೋಡಿದ ಫಲಿತಾಂಶ ಅದಾಗಿರಲಿಲ್ಲ. ಆದ್ದರಿಂದ ಒಂದು ವ್ಯಾನಿಗೆ ಒಳ್ಳೆಯ ಶ್ರೇಣಿ ಬಂದಿದೆ ಎಂದಾಕ್ಷಣ ಅದರ ಹಿಂದಿನ ಸಾಲು ಗಟ್ಟಿ ಎಂದು ಅರ್ಥವಲ್ಲ.

ಎರಡು ಬಿಂದು, ಮೂರು ಬಿಂದು

ಸೊಂಟಕ್ಕೆ ಮಾತ್ರ ಅಡ್ಡಲಾಗಿ ಬರುವುದು ಎರಡು ಬಿಂದುವಿನ ಬೆಲ್ಟ್; ಸೊಂಟದ ಜೊತೆಗೆ ಭುಜದಿಂದ ಎದೆಯ ಮೇಲೆ ಓರೆಯಾಗಿ ಇಳಿಯುವುದು ಮೂರು ಬಿಂದುವಿನ ಬೆಲ್ಟ್. ಸಾಬ್ ಕಂಪನಿಯಲ್ಲಿ ವಿಮಾನಗಳಿಂದ ಪೈಲಟನ್ನು ಹೊರಗೆಸೆಯುವ ಸೀಟುಗಳ ಮೇಲೆ ಕೆಲಸ ಮಾಡಿ, ಆಮೇಲೆ ವೋಲ್ವೋ ಸೇರಿದ್ದ ಸ್ವೀಡನ್ನಿನ ಎಂಜಿನಿಯರ್ ನಿಲ್ಸ್ ಬೋಲಿನ್ ಇಂದಿನ ರೂಪದ ಮೂರು ಬಿಂದುವಿನ ಬೆಲ್ಟನ್ನು ರೂಪಿಸಿದರು. 1959ರಲ್ಲಿ ವೋಲ್ವೋ ಅದನ್ನು ತನ್ನ ಕಾರುಗಳಿಗೆ ಅಳವಡಿಸಿತು ಮತ್ತು ಅದರ ಪೇಟೆಂಟನ್ನು ಉಳಿದ ತಯಾರಕರೂ ಬಳಸಿಕೊಳ್ಳಲು ಮುಕ್ತವಾಗಿ ಬಿಟ್ಟುಕೊಟ್ಟಿತು. ಅಷ್ಟು ಹಿಂದೆಯೇ ಎಲ್ಲರಿಗೂ ದೊರೆತ ಒಂದು ಉಪಕರಣ ಇಂದಿಗೂ ಹಲವು ವ್ಯಾನುಗಳ ಹಿಂದಿನ ನಡುಸೀಟನ್ನು ತಲುಪಿಲ್ಲ ಎಂಬುದು ನನ್ನನ್ನು ಬಹಳ ಕಾಡುವ ಸಂಗತಿ.

ಲೆಕ್ಕ ಮಾಡಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿರುವ ವ್ಯಾನಿನಲ್ಲಿ ಕುಳಿತವರ ಮೈಯ ವೇಗವೂ ಅಷ್ಟೇ ಇರುತ್ತದೆ, ಮತ್ತು ಅದು ಸುಮಾರು 10 ಮೀಟರ್ ಎತ್ತರದಿಂದ ಬಿದ್ದವರು ನೆಲ ಮುಟ್ಟುವಾಗಿನ ವೇಗ. ಡಿಕ್ಕಿಯಲ್ಲಿ 60 ಕಿಲೋ ತೂಕದ ವ್ಯಕ್ತಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಲ್ಲುವಂತಾದರೆ, ತಡೆದು ನಿಲ್ಲಿಸುವ ಬೆಲ್ಟಿನ ಮೇಲೆ ಸರಾಸರಿ 850 ಕಿಲೋ ಭಾರದಷ್ಟು ಎಳೆತ ಬೀಳುತ್ತದೆ. ಮೂರು ಬಿಂದುವಿನ ಬೆಲ್ಟ್ ಈ ಎಳೆತವನ್ನು ದೇಹದ ಗಟ್ಟಿ ಮೂಳೆಗಳಾದ ಸೊಂಟದ ಮೂಳೆ, ಪಕ್ಕೆಲುಬು, ಭುಜದ ಮೂಳೆಗಳಿಗೆ ಹಂಚುತ್ತದೆ. ಎರಡು ಬಿಂದುವಿನ ಬೆಲ್ಟಿನಲ್ಲಿ ಎಲ್ಲ ಭಾರವೂ ಸೊಂಟದ ಪಟ್ಟಿಯ ಮೇಲೆ ಬಿದ್ದು, ಮೇಲ್ಭಾಗದ ದೇಹ ಮಡಚಿಕೊಂಡು ತಲೆ ಮುಂದಿನ ಸೀಟಿಗೆ ಅಪ್ಪಳಿಸುತ್ತದೆ, ಪಟ್ಟಿ ಹೊಟ್ಟೆಯ ಮೇಲೆ ಜಾರಿದ್ದರೆ ಕರುಳಿಗೂ ಬೆನ್ನುಮೂಳೆಗೂ ಪೆಟ್ಟಾಗುತ್ತದೆ. ಏನೂ ಇಲ್ಲದಿರುವುದಕ್ಕಿಂತ ಎರಡು ಬಿಂದುವಿನ ಬೆಲ್ಟ್ ಮೇಲು ಎಂಬುದು ನಿಜ. ಆದರೆ ಎಲ್ಲ ಸೀಟಿಗೂ ಮೂರು ಬಿಂದುವಿನ ಬೆಲ್ಟ್ ಇರುವ ವ್ಯಾನ್ ಕೈಗೆಟುಕುವಂತಿದ್ದಾಗ ಬೇರೆಯದನ್ನು ಆರಿಸಲು ನನಗೆ ಒಂದು ಕಾರಣವೂ ಕಾಣುವುದಿಲ್ಲ.

ಮೂರು ಬಿಂದುವಿನ ಬೆಲ್ಟುಗಳಲ್ಲೂ ಎರಡು ಬಗೆಗಳಿವೆ. ಕಿಟಕಿ ಪಕ್ಕದ ಸೀಟುಗಳಿಗೆ ಬೆಲ್ಟಿನ ಸುರುಳಿ ವಾಹನದ ಕಂಬದಲ್ಲಿರುತ್ತದೆ. ಕೆಲವು ವ್ಯಾನುಗಳಲ್ಲಿ ಅದು ಸೀಟಿನ ಬೆನ್ನಿನೊಳಗೇ ಇರುತ್ತದೆ. ಸೀಟಿನೊಳಗೆ ಬೆಲ್ಟ್ ಇದ್ದರೆ ಸೀಟನ್ನು ಹಿಂದೆ ಮುಂದೆ ಸರಿಸಿದರೂ ಪಟ್ಟಿ ಭುಜದ ಮೇಲೆ ಸರಿಯಾದ ಜಾಗದಲ್ಲೇ ಕೂರುತ್ತದೆ ಎಂಬ ಅನುಕೂಲವಿದೆ, ಆದರೆ ಡಿಕ್ಕಿಯ ಎಳೆತವೆಲ್ಲ ಆ ಸೀಟಿನ ಕಾಲುಗಳ ಮೇಲೆ ಬೀಳುವುದರಿಂದ ನೆಲದ ಕೊಕ್ಕೆಗಳು ಸರಿಯಾಗಿ ಕಚ್ಚಿಕೊಂಡಿರಲೇಬೇಕು. ನಡುಸೀಟಿನ ಬೆಲ್ಟ್ ಹಲವು ವ್ಯಾನುಗಳಲ್ಲಿ ಛಾವಣಿಯಿಂದ ಇಳಿಯುತ್ತದೆ. ಅದರ ತುದಿಯಲ್ಲಿ ಒಂದಲ್ಲ, ಎರಡು ನಾಲಗೆಗಳಿರುತ್ತವೆ. ಚಿಕ್ಕ ನಾಲಗೆಯನ್ನು ಸೀಟಿನ ಒಂದು ಬದಿಯ ಚಿಕ್ಕ ಬಕಲಿಗೆ ಮೊದಲು ಸಿಕ್ಕಿಸಿ, ಆಮೇಲೆ ದೊಡ್ಡ ನಾಲಗೆಯನ್ನು ಇನ್ನೊಂದು ಬದಿಯ ಬಕಲಿಗೆ ಹಾಕಬೇಕು. ಚಿಕ್ಕದನ್ನು ಸಿಕ್ಕಿಸದೆ ದೊಡ್ಡದನ್ನು ಮಾತ್ರ ಹಾಕಿಕೊಂಡರೂ ಬೆಲ್ಟ್ ಕಟ್ಟಿದಂತೆಯೇ ತೋರುತ್ತದೆ, ಆದರೆ ಸೊಂಟವನ್ನು ಹಿಡಿಯುವ ಭಾಗವೇ ಅಲ್ಲಿರುವುದಿಲ್ಲ. ವ್ಯಾನ್ ನೋಡಲು ಹೋದಾಗ ಈ ಎರಡು ಕೊಂಡಿಗಳನ್ನು ನಿಮ್ಮ ಮನೆಯ ಹತ್ತು ವರ್ಷದ ಮಗು ಯಾರ ಸಹಾಯವೂ ಇಲ್ಲದೆ ಸರಿಯಾಗಿ ಹಾಕಿಕೊಳ್ಳುತ್ತದೆಯೇ ಎಂದು ನೋಡಿ. ಹಾಕಿಕೊಳ್ಳಲಾಗದಿದ್ದರೆ ಪ್ರತಿ ಪ್ರಯಾಣದಲ್ಲೂ ದೊಡ್ಡವರೊಬ್ಬರು ಹಿಂದೆ ಹೋಗಿ ಹಾಕಿಕೊಡಬೇಕಾಗುತ್ತದೆ.

ಡಿಕ್ಕಿಯಾದ ಕ್ಷಣದಲ್ಲೇ ಪಟ್ಟಿಯನ್ನು ಒಳಕ್ಕೆಳೆದು ಬಿಗಿಮಾಡುವ ಪ್ರಿಟೆನ್ಷನರ್, ಎಳೆತ ಮಿತಿ ಮೀರಿದಾಗ ಪಟ್ಟಿಯನ್ನು ಸ್ವಲ್ಪ ಸ್ವಲ್ಪವೇ ಬಿಟ್ಟುಕೊಟ್ಟು ಪಕ್ಕೆಲುಬುಗಳನ್ನು ಕಾಯುವ ಲೋಡ್ ಲಿಮಿಟರ್, ಇವೆರಡೂ ಮುಂದಿನ ಸೀಟುಗಳಲ್ಲಿ ಸಾಮಾನ್ಯವಾಗಿ ಇರುತ್ತವೆ, ಹಿಂದಿನ ಸಾಲುಗಳಲ್ಲಿ ಹಲವು ವೇಳೆ ಇರುವುದಿಲ್ಲ. ಎರಡು ವ್ಯಾನುಗಳು ಉಳಿದೆಲ್ಲದರಲ್ಲಿ ಸಮನಾಗಿದ್ದರೆ, ಹಿಂದಿನ ಸಾಲಿಗೂ ಇವನ್ನು ಕೊಟ್ಟಿರುವ ವ್ಯಾನನ್ನು ಆರಿಸಿಕೊಳ್ಳಿ.

ಸೀಟುಗಳು

ಉದ್ದನೆಯ ಬೆಂಚ್ ಸೀಟು ಮೇಲೋ, ಬಿಡಿಬಿಡಿ ಸೀಟುಗಳು ಮೇಲೋ ಎಂದು ಬಹಳ ಮಂದಿ ಕೇಳುತ್ತಾರೆ. ಬಿಡಿ ಸೀಟಿನಲ್ಲಿ ಒಬ್ಬೊಬ್ಬರಿಗೂ ಅವರದೇ ಬಕಲ್, ಅವರದೇ ಹೆಡ್‌ರೆಸ್ಟ್ ಇರುವುದರಿಂದ ಯಾರ ಬೆಲ್ಟ್ ಯಾವುದು ಎಂಬ ಗೊಂದಲವಿಲ್ಲ. ಬೆಂಚಿನಲ್ಲಿ ಪಕ್ಕದವರ ಬಕಲಿಗೆ ತಮ್ಮ ನಾಲಗೆ ಹಾಕಿಕೊಳ್ಳುವುದು, ಸೀಟಿನ ಸಂದಿಯಲ್ಲಿ ಬಕಲ್ ಹೂತುಹೋಗುವುದು, ಮೂವರ ಜಾಗದಲ್ಲಿ ನಾಲ್ವರು ಒತ್ತಿಕೊಂಡು ಕೂರುವುದು ಇವೆಲ್ಲ ನಡೆಯುತ್ತವೆ. ಒಂದು ಬೆಲ್ಟಿನಲ್ಲಿ ಇಬ್ಬರು ಮಕ್ಕಳನ್ನು ಕಟ್ಟಿದರೆ ಡಿಕ್ಕಿಯಲ್ಲಿ ಒಬ್ಬರ ತಲೆ ಇನ್ನೊಬ್ಬರಿಗೆ ಬಡಿಯುತ್ತದೆ. ಜನ ಹೆಚ್ಚು, ಶಿಸ್ತು ಕಡಿಮೆ ಇರುವ ಮನೆಗೆ ಬಿಡಿ ಸೀಟುಗಳೇ ಸರಿ.

ಮಡಚಿ ನೆಲದೊಳಗೆ ಸೇರಿಸಬಹುದಾದ ಸೀಟು, ಪೂರ್ತಿ ಬಿಚ್ಚಿ ತೆಗೆಯಬಹುದಾದ ಸೀಟು ಇವೆರಡರ ನಡುವೆ ನಾನು ಮೊದಲನೆಯದನ್ನು ಮೆಚ್ಚುತ್ತೇನೆ. ಬಿಚ್ಚುವ ಸೀಟನ್ನು ಮರಳಿ ಕೂಡಿಸುವಾಗ ನಾಲ್ಕು ಕೊಕ್ಕೆಗಳಲ್ಲಿ ಒಂದು ಅರ್ಧಕ್ಕೇ ನಿಂತರೂ ಸೀಟು ನೆಟ್ಟಗೇ ನಿಂತಿರುತ್ತದೆ. ಕೊಕ್ಕೆ ಪೂರ್ತಿ ಕಚ್ಚದಿದ್ದರೆ ಕೆಂಪು ಗುರುತು ಕಾಣುವಂತೆ ಮಾಡಿರುವ ಸೀಟುಗಳಿವೆ. ಅಂಥ ಗುರುತು ಇದೆಯೇ ಎಂದು ಕೇಳಿ ನೋಡಿ. ಗುರುತು ಇರಲಿ ಬಿಡಲಿ, ಕೂಡಿಸಿದ ಮೇಲೆ ಸೀಟಿನ ಬೆನ್ನು ಹಿಡಿದು ಹಿಂದೆ ಮುಂದೆ ಜೋರಾಗಿ ಅಲ್ಲಾಡಿಸಿ ನೋಡುವ ಅಭ್ಯಾಸ ಬೇಕು.

ಗೋಡೆಗೆ ಬೆನ್ನು ಕೊಟ್ಟು ಅಡ್ಡಲಾಗಿ ಕೂರುವ ಸೀಟುಗಳನ್ನು ಬಿಟ್ಟುಬಿಡಿ. ಬೆಲ್ಟುಗಳೂ ಬೆಲ್ಟಿನ ಪರೀಕ್ಷೆಗಳೂ ಮುಂದಕ್ಕೆ ಮುಖ ಮಾಡಿ ಕುಳಿತ ದೇಹವನ್ನು ಗಮನದಲ್ಲಿಟ್ಟು ರೂಪುಗೊಂಡವು. ಅಡ್ಡ ಕುಳಿತವರನ್ನು ಅದೇ ಬೆಲ್ಟ್ ಪಕ್ಕಕ್ಕೆ ಬಾಗಿಸಿ ಕತ್ತು ಮತ್ತು ಹೊಟ್ಟೆಗೆ ಒತ್ತುತ್ತದೆ. ಯುರೋಪಿನಲ್ಲಿ 2007ರ ನಂತರ ಹೊಸ ಕಾರುಗಳಿಗೂ ಚಿಕ್ಕ ವ್ಯಾನುಗಳಿಗೂ ಇಂಥ ಸೀಟು ಹಾಕಲು ಅವಕಾಶವಿಲ್ಲ.

ಹೆಡ್‌ರೆಸ್ಟಿನ ಹೆಸರಿನಲ್ಲಿ ವಿಶ್ರಾಂತಿ ಇದ್ದರೂ ಅದರ ಕೆಲಸ ಹಿಂದಿನಿಂದ ಡಿಕ್ಕಿಯಾದಾಗ ಕತ್ತು ಹಿಂದಕ್ಕೆ ಚಿಮ್ಮದಂತೆ ತಡೆಯುವುದು. ಅದರ ಮೇಲಂಚು ಕಡೇಪಕ್ಷ ಕಿವಿಯ ಮೇಲ್ತುದಿಯ ಮಟ್ಟಕ್ಕೆ ಬರಬೇಕು, ತಲೆಗೂ ಅದಕ್ಕೂ ನಡುವಿನ ಅಂತರ ಆದಷ್ಟು ಕಡಿಮೆ ಇರಬೇಕು. ಎತ್ತರದವರೊಬ್ಬರನ್ನು ಕೊನೆಯ ಸಾಲಿನಲ್ಲಿ ಕೂರಿಸಿದರೆ ಒಂದೇ ನೋಟಕ್ಕೆ ತಿಳಿಯುತ್ತದೆ. ಹಾಗೆಯೇ ಅವರ ತಲೆಗೂ ಹಿಂಬಾಗಿಲ ಗಾಜಿಗೂ ಎಷ್ಟು ಅಂತರವಿದೆ, ಬದಿಯ ಕಿಟಕಿಯ ಮೇಲೆ ಇಳಿಯುವ ಪರದೆ ಏರ್‌ಬ್ಯಾಗ್ ಮೂರನೇ ಸಾಲಿನವರೆಗೆ ಬರುತ್ತದೆಯೇ ಅಥವಾ ಎರಡನೆಯದಕ್ಕೇ ಮುಗಿಯುತ್ತದೆಯೇ ಎಂಬುದನ್ನೂ ಗಮನಿಸಬೇಕು. ಮಲಗುವಷ್ಟು ಹಿಂದಕ್ಕೆ ವಾಲುವ ಸೀಟು ದೂರದ ಪ್ರಯಾಣಕ್ಕೆ ಹಿತವೆನಿಸಿದರೂ, ಓಡುವ ವಾಹನದಲ್ಲಿ ಹಾಗೆ ಒರಗಿದರೆ ಪಟ್ಟಿ ಎದೆಯಿಂದ ದೂರವಾಗಿ, ಡಿಕ್ಕಿಯಲ್ಲಿ ದೇಹ ಬೆಲ್ಟಿನ ಕೆಳಗೆ ಜಾರಿಹೋಗುತ್ತದೆ.

ಮಕ್ಕಳ ಸೀಟು ಕೂರಿಸುವವರಿಗೆ

ಮಕ್ಕಳ ಸೀಟನ್ನು ನೇರವಾಗಿ ವಾಹನಕ್ಕೆ ಬಿಗಿಯುವ ಐಸೋಫಿಕ್ಸ್ ಕೊಂಡಿಗಳು ಸೀಟಿನ ಬೆನ್ನು ಮತ್ತು ಕೂರುವ ಭಾಗ ಸೇರುವ ಸಂದಿಯಲ್ಲಿ 280 ಮಿಲಿಮೀಟರ್ ಅಂತರದಲ್ಲಿರುವ ಎರಡು ಉಕ್ಕಿನ ಸರಳುಗಳು. ಕೈ ಹಾಕಿ ಮುಟ್ಟಿ ನೋಡಿದರೆ ಸಿಗುತ್ತವೆ. ಏಳೆಂಟು ಸೀಟಿದ್ದರೂ ಈ ಕೊಂಡಿಗಳು ಎರಡನೇ ಸಾಲಿನ ಎರಡು ಸೀಟುಗಳಲ್ಲಿ ಮಾತ್ರ ಇರುವ ವ್ಯಾನುಗಳು ಬೇಕಾದಷ್ಟಿವೆ. ಮೂವರು ಚಿಕ್ಕ ಮಕ್ಕಳಿದ್ದರೆ ಇದೊಂದೇ ವಿಷಯ ಆಯ್ಕೆಯನ್ನು ನಿರ್ಧರಿಸಬಹುದು. ನೆಲದಡಿ ಸಾಮಾನು ಇಡುವ ಪೆಟ್ಟಿಗೆಗಳಿರುವ ವ್ಯಾನಿನಲ್ಲಿ, ನೆಲಕ್ಕೆ ಊರುವ ಕಾಲು ಇರುವ ಮಕ್ಕಳ ಸೀಟನ್ನು ಆ ಪೆಟ್ಟಿಗೆಯ ಮುಚ್ಚಳದ ಮೇಲೆ ನಿಲ್ಲಿಸುವಂತಿಲ್ಲ, ಭಾರ ಬಿದ್ದರೆ ಮುಚ್ಚಳ ಕುಸಿಯುತ್ತದೆ. ವಾಹನದ ಕೈಪಿಡಿಯಲ್ಲಿ ಯಾವ ಸೀಟಿಗೆ ಯಾವ ಬಗೆಯ ಮಕ್ಕಳ ಸೀಟು ಹೊಂದುತ್ತದೆ ಎಂಬ ಕೋಷ್ಟಕ ಇರುತ್ತದೆ, ಹಣ ಕೊಡುವ ಮುನ್ನ ಅದನ್ನು ಓದಿ.

ಮುಂದಿನ ಸೀಟಿನ ಬಿಸಿಲುತಡೆಯ ಮೇಲೆ ಅಂಟಿಸಿರುವ, ಮಕ್ಕಳ ಸೀಟು ಮತ್ತು ಏರ್‌ಬ್ಯಾಗಿನ ಚಿತ್ರಕ್ಕೆ ಗೆರೆ ಎಳೆದ ಚೀಟಿಯ ಅರ್ಥ ಒಂದೇ: ಏರ್‌ಬ್ಯಾಗ್ ಚಾಲೂ ಇರುವ ಸೀಟಿನಲ್ಲಿ ಹಿಂದಕ್ಕೆ ಮುಖ ಮಾಡುವ ಮಕ್ಕಳ ಸೀಟನ್ನು ಎಂದೂ ಇಡಬಾರದು. ಉಬ್ಬುವ ಚೀಲ ಮಗುವಿನ ತಲೆಯ ಹಿಂಬದಿಯಲ್ಲೇ ಸಿಡಿಯುತ್ತದೆ.

ದೀಪಗಳು ಏನು ಹೇಳುತ್ತವೆ

ಡ್ಯಾಶ್‌ಬೋರ್ಡಿನ ದೀಪಗಳ ಬಣ್ಣಕ್ಕೆ ಅರ್ಥವಿದೆ. ಕೆಂಪು ಕೂಡಲೇ ಗಮನಿಸಬೇಕಾದ ಅಪಾಯವನ್ನೂ, ಹಳದಿ ಬೇಗ ತೋರಿಸಿ ಸರಿಪಡಿಸಬೇಕಾದ ದೋಷವನ್ನೂ ಸೂಚಿಸುತ್ತವೆ. ಹಸಿರು, ನೀಲಿ ಬರೀ ಮಾಹಿತಿಗೆ. ಕೀಲಿ ತಿರುಗಿಸಿದಾಗ ಹೆಚ್ಚಿನ ದೀಪಗಳು ಒಮ್ಮೆ ಬೆಳಗಿ ಆರುವುದು ಆ ವ್ಯವಸ್ಥೆ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಕ್ರಮ.

ಹಿಂದೊಮ್ಮೆ ನಾನು ನೋಡಲು ಹೋಗಿದ್ದ ಹಳೆಯ ವ್ಯಾನೊಂದರಲ್ಲಿ ಕೀಲಿ ತಿರುಗಿಸಿದರೆ ಎಲ್ಲ ದೀಪ ಬಂದರೂ ಏರ್‌ಬ್ಯಾಗಿನದು ಮಾತ್ರ ಬರಲಿಲ್ಲ. ಕೇಳಿದ್ದಕ್ಕೆ ಮಾರುವವರು "ದೀಪ ಹತ್ತಿಲ್ಲ ಅಂದರೆ ತೊಂದರೆ ಏನೂ ಇಲ್ಲ ಅಂತ ತಾನೇ ಸರ್" ಎಂದರು. ಸಹಜವೆನಿಸುವ ಈ ಮಾತು ತಪ್ಪು. ಏರ್‌ಬ್ಯಾಗ್ ದೀಪ ಮೊದಲು ಹತ್ತಲೇಬೇಕು, ಕೆಲವು ಸೆಕೆಂಡುಗಳ ನಂತರ ಆರಲೇಬೇಕು. ಹತ್ತದೇ ಇರುವುದು, ಹತ್ತಿ ಆರದೇ ಇರುವುದು ಎರಡೂ ದೋಷದ ಲಕ್ಷಣ. ಮೂರನೆಯ ಸಾಧ್ಯತೆಯೊಂದನ್ನೂ ತಿಳಿದಿರಬೇಕು: ಸಿಡಿದ ಏರ್‌ಬ್ಯಾಗನ್ನು ಬದಲಿಸದೆ, ಅದರ ದೀಪವನ್ನು ಆಯಿಲ್ ದೀಪದ ತಂತಿಗೆ ಜೋಡಿಸಿ ಎಲ್ಲವೂ ಸರಿಯಿರುವಂತೆ ತೋರಿಸುವವರಿದ್ದಾರೆ. ಕೀಲಿಯನ್ನು ಆನ್ ಮಾಡಿ ಎಂಜಿನ್ ಚಾಲೂ ಮಾಡದೆ ಕಾಯಿರಿ. ಏರ್‌ಬ್ಯಾಗ್ ದೀಪ ತನ್ನಷ್ಟಕ್ಕೆ ಆರಬೇಕು. ಎಂಜಿನ್ ಚಾಲೂ ಆದ ಕ್ಷಣದಲ್ಲೇ ಆಯಿಲ್ ದೀಪದ ಜೊತೆಗೇ ಆರಿದರೆ ಆ ವ್ಯಾನನ್ನು ಪರಿಣತರ ಕೈಗೆ ಕೊಟ್ಟು ತೋರಿಸದೆ ಕೊಳ್ಳಬೇಡಿ. ಆ ದಿನ ನಾನು ಕೀಲಿ ಹಿಂದಿರುಗಿಸಿ ಬಂದೆ.

ಬಿಚ್ಚಿ ತೆಗೆಯಬಹುದಾದ ಸೀಟುಗಳಲ್ಲಿ ಬಕಲಿನ ಸಂವೇದಕದ ತಂತಿಯೋ ಬದಿಯ ಏರ್‌ಬ್ಯಾಗಿನ ತಂತಿಯೋ ನೆಲದ ಪ್ಲಗ್ಗಿಗೆ ಸೇರಿರುತ್ತದೆ. ಸೀಟು ಮರಳಿ ಕೂಡಿಸಿದ ಮೇಲೆ ದೀಪ ಹತ್ತಿಯೇ ಉಳಿದರೆ ಮೊದಲು ನೋಡಬೇಕಾದದ್ದು ಆ ಪ್ಲಗ್ಗನ್ನು, ಅದೂ ಕೀಲಿ ಆಫ್ ಮಾಡಿದ ಮೇಲೆ.

ಬೆಲ್ಟ್ ನೆನಪಿಸುವ ದೀಪದಲ್ಲಿ ವ್ಯಾನುಗಳ ನಡುವೆ ದೊಡ್ಡ ವ್ಯತ್ಯಾಸವಿದೆ. ಕೆಲವದರಲ್ಲಿ ಅದು ಚಾಲಕನಿಗಷ್ಟೇ, ಕೆಲವದರಲ್ಲಿ ಮುಂದಿನ ಇಬ್ಬರಿಗೆ, ಇನ್ನು ಕೆಲವದರಲ್ಲಿ ಪ್ರತಿ ಸೀಟಿಗೂ ಒಂದೊಂದು ಚಿಹ್ನೆ. ಹಿಂದಿನ ಸೀಟಿನಡಿ ತೂಕ ಅರಿಯುವ ಸಂವೇದಕ ಇರದ ವ್ಯಾನು, ಎಷ್ಟು ಬಕಲ್ ಹಾಕಿವೆ ಎಂದು ಮಾತ್ರ ತೋರಿಸುತ್ತದೆ, ಎಷ್ಟು ಜನ ಕುಳಿತಿದ್ದಾರೆ ಎಂಬುದು ಅದಕ್ಕೆ ತಿಳಿಯದು. ಪರದೆಯ ಮೇಲೆ ನಾಲ್ಕು ಹಸಿರು ಗುರುತು ಕಂಡು, ಹಿಂದೆ ಐವರು ಕುಳಿತಿದ್ದರೆ ಲೆಕ್ಕ ಹಿಡಿಯಬೇಕಾದವರು ಚಾಲಕರೇ. ದಾರಿಯ ನಡುವೆ ಯಾರಾದರೂ ಬೆಲ್ಟ್ ಬಿಚ್ಚಿದರೆ ಸದ್ದು ಮಾಡುವ ವ್ಯವಸ್ಥೆಯೇ ನನ್ನ ಲೆಕ್ಕದಲ್ಲಿ ಅತ್ಯಂತ ಬೆಲೆಯುಳ್ಳದ್ದು. ಓಡಿಸಿ ನೋಡಲು ಹೋದಾಗ ಖಾಲಿ ಮೈದಾನದಲ್ಲಿ ನಿಧಾನವಾಗಿ ಸಾಗುತ್ತಾ ಕೊನೆಯ ಸಾಲಿನಲ್ಲಿ ಕುಳಿತ ಸಂಗಾತಿಗೆ ಒಂದು ಕ್ಷಣ ಬಕಲ್ ಬಿಚ್ಚಲು ಹೇಳಿ, ಮುಂದೆ ಸದ್ದು ಬರುತ್ತದೆಯೇ ಕೇಳಿಸಿಕೊಳ್ಳಿ. ಸದ್ದು ನಿಲ್ಲಿಸಲೆಂದು ಬಕಲಿಗೆ ಸಿಕ್ಕಿಸುವ ಪೊಳ್ಳು ನಾಲಗೆಗಳು ಹಳೆಯ ವ್ಯಾನಿನಲ್ಲಿ ಕಂಡುಬಂದರೆ ಕಿತ್ತೆಸೆಯಿರಿ.

ಹೊರೆ ಮತ್ತು ಸಮತೋಲ

ಸೀಟಿನ ಸಂಖ್ಯೆ ಹೆಚ್ಚಿದಷ್ಟೂ ತೂಕ ಹಿಂದಿನ ಚಕ್ರಗಳ ಆಚೆಗೂ ಮೇಲಕ್ಕೂ ಸರಿಯುತ್ತದೆ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ 2001ರಲ್ಲಿ ಅಲ್ಲಿನ 15 ಸೀಟಿನ ವ್ಯಾನುಗಳ ಬಗ್ಗೆ ಎಚ್ಚರಿಕೆ ಹೊರಡಿಸಿ, ಬೇರೆ ವಾಹನ ಒಳಗೊಳ್ಳದ ಅಪಘಾತಗಳಲ್ಲಿ ಹತ್ತು ಅಥವಾ ಹೆಚ್ಚು ಮಂದಿ ಇದ್ದ ವ್ಯಾನು ಪಲ್ಟಿಯಾಗುವ ಪ್ರಮಾಣ ಕಡಿಮೆ ಜನರಿದ್ದ ವ್ಯಾನಿಗಿಂತ ಸುಮಾರು ಮೂರು ಪಟ್ಟು ಎಂದು ತಿಳಿಸಿತು. ಆದ್ದರಿಂದ ದೊಡ್ಡ ವ್ಯಾನು ಬೇಕೇ ಬೇಕಿದ್ದರೆ, ಜಾರುವಾಗ ಒಂದೊಂದು ಚಕ್ರಕ್ಕೆ ಬೇರೆ ಬೇರೆಯಾಗಿ ಬ್ರೇಕ್ ಹಾಕಿ ದಿಕ್ಕು ಕಾಯುವ ಇಎಸ್‌ಸಿ ಇಲ್ಲದ್ದನ್ನು ಪರಿಗಣಿಸಬೇಡಿ. ಕಾರಿನ ಹಿಂದೆ ಅಂಕುಡೊಂಕು ಗೆರೆಗಳಿರುವ ಹಳದಿ ಚಿಹ್ನೆ ಅದರದು. ಕುದುರೆ ಲಾಳದ ನಡುವೆ ಆಶ್ಚರ್ಯಚಿಹ್ನೆ ಇರುವ ಹಳದಿ ದೀಪ ಟೈರಿನ ಗಾಳಿ ಕಡಿಮೆಯಾದುದನ್ನು ಹೇಳುತ್ತದೆ. ತುಂಬಿದ ವ್ಯಾನಿನಲ್ಲಿ ಅದನ್ನು ಮರುದಿನಕ್ಕೆ ಮುಂದೂಡಬಾರದು. ಸಾಮಾನನ್ನು ಕೊನೆಯ ಸಾಲಿನ ಬೆನ್ನಿಗಿಂತ ಎತ್ತರಕ್ಕೆ ಪೇರಿಸದಂತೆ ತಡೆಯುವ ಬಲೆಯೋ ಜಾಲರಿಯೋ, ನೆಲದಲ್ಲಿ ಹಗ್ಗ ಕಟ್ಟುವ ಬಳೆಗಳೋ ಇರುವ ವ್ಯಾನಿಗೆ ಹೆಚ್ಚು ಅಂಕ ಕೊಡಿ. ಛಾವಣಿಯ ಮೇಲೆ ಹೊರೆ ಹೇರುವುದು ಪಲ್ಟಿಯ ಅಪಾಯವನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಬಳಸಿದ ವ್ಯಾನು ಕೊಳ್ಳುವವರು

ಪ್ರತಿಯೊಂದು ಬೆಲ್ಟನ್ನೂ, ಒಂದನ್ನೂ ಬಿಡದೆ, ಪೂರ್ತಿ ಹೊರಗೆಳೆಯಿರಿ. ಸುರುಳಿಯೊಳಗೆ ಅಡಗಿರುವ ಭಾಗದಲ್ಲೇ ಸವೆತ, ಕತ್ತರಿಸಿದ ಅಂಚು, ಬಣ್ಣಗೆಟ್ಟ ಕಲೆ ಕಾಣಿಸಿಕೊಳ್ಳುತ್ತವೆ. ಬಿಟ್ಟರೆ ಅದು ತಾನಾಗಿ ಒಳಗೆ ಸರಿಯಬೇಕು, ಫಕ್ಕನೆ ಜಗ್ಗಿದರೆ ಹಿಡಿದುಕೊಳ್ಳಬೇಕು. ಬಕಲ್ ಹಾಕಿದಾಗ ಟಕ್ ಎನ್ನಬೇಕು, ಗುಂಡಿ ಒತ್ತಿದಾಗ ನಾಲಗೆ ಹೊರಗೆ ಹಾರಬೇಕು. ಕೆಲವು ಬೆಲ್ಟುಗಳಲ್ಲಿ ಪಟ್ಟಿಯ ಬುಡವನ್ನು ಮಡಚಿ ಹೊಲಿದಿರುತ್ತಾರೆ. ದೊಡ್ಡ ಎಳೆತ ಬಿದ್ದಾಗ ಆ ಹೊಲಿಗೆ ಬಿಚ್ಚಿಕೊಂಡು ಅಪಘಾತದ ಗುರುತು ಬಿಟ್ಟಿರುತ್ತದೆ. ಒಮ್ಮೆ ಡಿಕ್ಕಿಯ ಭಾರ ಹೊತ್ತ ಬೆಲ್ಟನ್ನು ಮತ್ತೆ ಬಳಸುವಂತಿಲ್ಲ, ಹೊಲಿಸಿಯೂ ಬಳಸುವಂತಿಲ್ಲ. ಬದಿಯಲ್ಲಿ ಏರ್‌ಬ್ಯಾಗ್ ಇರುವ ಸೀಟುಗಳಿಗೆ ಸಾಮಾನ್ಯ ಕವರ್ ಹಾಕಿದ್ದರೆ ತೆಗೆಸಿ ನೋಡಿ, ಕವರಿನ ಹೊಲಿಗೆ ಚೀಲ ಹೊರಬರುವ ದಾರಿಯನ್ನೇ ಮುಚ್ಚಿರುತ್ತದೆ.

ಕೊನೆಗೆ ಕೊನೆಯ ಸಾಲಿಗೆ ಹೋಗಿ ನಡುಸೀಟಿನಲ್ಲಿ ಕುಳಿತು ಬೆಲ್ಟ್ ಹಾಕಿಕೊಳ್ಳಿ. ಸೊಂಟದ ಪಟ್ಟಿ ಹೊಟ್ಟೆಯ ಮೇಲೇರದೆ ತೊಡೆಯ ಬುಡದ ಮೂಳೆಗಳ ಮೇಲೆ ಕೂರಬೇಕು. ಭುಜದ ಪಟ್ಟಿ ಕತ್ತಿಗೂ ತೋಳಿಗೂ ನಡುವೆ ಹಾದುಬರಬೇಕು. ಬಾಗಿಲು ಮುಚ್ಚಿಸಿ, ಬಕಲ್ ಬಿಚ್ಚಿ, ಮುಂದಿನ ಸೀಟು ಮಡಚಿ ಹೊರಬರಲು ಎಷ್ಟು ಹೊತ್ತು ಹಿಡಿಯಿತು ಎಂದು ಗಡಿಯಾರ ನೋಡಿಕೊಳ್ಳಿ. ಅದೇ ಕೆಲಸವನ್ನು ಎರಡನೆಯ ವ್ಯಾನಿನಲ್ಲೂ ಮಾಡಿ.